ನಡುಗೂಟದ ಕುಣಿಯಲ್ಲಿ ಹಸಿರು ಬಳೆ

ನಮ್ಮ ಓಣಿಯ ಬಾಯಲ್ಲಿರುವ ನಡುಗೂಟವನ್ನು ಒಂದೇ ಕೈಯಲ್ಲಿ ಎತ್ತಿದವಳು ನಾನು. ಬ್ಯಾಡಗಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಅರ್ಧ ಸುಳ್ಳು, ಒಪ್ಪಿಕೊಳ್ಳುತ್ತೇನೆ. ಗೂಟದ ಕಡಗಗಳಲ್ಲಿ ಬಿದಿರಿನ ಬೊಂಬು ತೂರಿಸಿ, ಆಚೆಗೊಬ್ಬ ಈಚೆಗೊಬ್ಬ ಪೊಲೀಸರು ಹೆಗಲು ಕೊಟ್ಟಿದ್ದರು. ನಾನು ಗೂಟದ ತಲೆಯ ಮೇಲೆ ಕೈ ಇಟ್ಟಿದ್ದೆ. ಒಂದೇ ಕೈ ಎನ್ನುವುದು ಮಾತ್ರ ನಿಜ. ಇನ್ನೊಂದರಲ್ಲಿ ಎಲೆ ಅಡಿಕೆಯ ಚೀಲವಿತ್ತು.

"ಕೈ ತಗಿ ಗುತ್ತೆವ್ವ. ಮೈಮ್ಯಾಲೆ ಬಿದ್ದೀತು," ಎಂದ ದಫೇದಾರ ಹನುಮಪ್ಪ.

"ಬಿದ್ರ ಗೂಟಕ್ಕ ಪೆಟ್ಟಾಗತೈತಿ. ನಿನಗ್ಯಾಕ ಚಿಂತಿ," ಎಂದೆ.

ಪೊಲೀಸರು ನಕ್ಕರು. ನನ್ನ ಪಕ್ಕದಲ್ಲಿ ನಿಂತಿದ್ದ ಸೈದಾಬಿ ನಗಲಿಲ್ಲ. ಉಡಚಪ್ಪನ ಗೋದಾಮಿನಿಂದ ಒಣಮೆಣಸಿನಕಾಯಿ ಚೀಲಗಳು ಮಾಯವಾದವೆಂದು ಅವಳ ಗಂಡ, ಕಾವಲುಗಾರ ಫಕ್ಕೀರಸಾಬನನ್ನು ಠಾಣೆಯಲ್ಲಿ ಕೂಡಿಸಿದ್ದರು. ಅಂದು ಸಂಜೆಯ ಬಸ್ಸಿಗೆ ಅವನನ್ನು ಹಾವೇರಿಯ ಕೋರ್ಟಿಗೆ ಒಯ್ಯುವವರಿದ್ದರು. ಅಲ್ಲಿಂದ ಸೀದಾ ಜೈಲು. ಫಕ್ಕೀರಸಾಬನ ಎದೆಯಲ್ಲಿ ಉಬ್ಬಸ. ಜೈಲಿನ ತಂಪು ನೆಲದ ಮೇಲೆ ಮಲಗಿಸಿದರೆ ಅವನು ಹಿಂದಕ್ಕೆ ಬರುವುದು ಹೆಣವಾಗಿಯೇ ಎಂದು ಸೈದಾಬಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕಷ್ಟ ಏನೆಂದರೆ, ಗೂಟ ಎತ್ತಿದ್ದು ತಾನೇ ಎಂದು ಅವನೇ ಒಪ್ಪಿಕೊಂಡಿದ್ದ. ಮೆಣಸಿನಕಾಯಿ ಮುಟ್ಟಿಲ್ಲ ಎನ್ನುತ್ತಿದ್ದ. ಮತ್ತೆ ಯಾಕೆ ಎತ್ತಿದೆ ಎಂದು ಕೇಳಿದರೆ ಗೋಡೆಯ ಕಡೆಗೆ ಮುಖ ತಿರುಗಿಸುತ್ತಿದ್ದ.

ನಮ್ಮ ಓಣಿ ನೋಡದವರಿಗೆ ಇಷ್ಟು ಹೇಳಬೇಕು. ಪೇಟೆ ರಸ್ತೆಯಿಂದ ಒಳಗೆ ಬಂದರೆ ಎರಡೂ ಕಡೆ ಮನೆ, ತುದಿಗೆ ಉಡಚಪ್ಪನ ಗೋದಾಮು. ಅಲ್ಲಿಗೆ ಮುಗಿಯಿತು. ಮೊದಲು ಪೇಟೆಯ ದಿನ ಬಂದರೆ ಲಾರಿಗಳು ನೆರಳು ಹುಡುಕಿಕೊಂಡು ನಮ್ಮ ಓಣಿಗೆ ನುಗ್ಗುತ್ತಿದ್ದವು. ಮನೆಯ ಮೂಲೆಗಳು ಉದುರುತ್ತಿದ್ದವು, ಕಟ್ಟೆಗಳು ಒಡೆಯುತ್ತಿದ್ದವು. ಒಂದು ಲಾರಿ ನನ್ನ ಒಲೆಯ ತನಕ ಬಂದು, ಡ್ರೈವರ್ ಕೂತಲ್ಲಿಂದಲೇ ರೊಟ್ಟಿ ಕೇಳಿದ್ದ. ಒಲೆಯ ತನಕ ಅಲ್ಲ, ಕಟ್ಟೆಯ ತನಕ. ರೊಟ್ಟಿ ಕೇಳಿದ್ದು ನಿಜ.

ಕಡೆಗೆ ಪುರಸಭೆಯವರು ಓಣಿಯ ಬಾಯಿಗೆ ಮೂರು ಗೂಟ ನೆಟ್ಟರು. ಎರಡು ಪಕ್ಕದಲ್ಲಿ ಕಲ್ಲಿನವು, ನಡುವೆ ಒಂದು ಕಬ್ಬಿಣದ ಕೊಳವೆ, ಹೊಟ್ಟೆಯ ತುಂಬ ಕಾಂಕ್ರೀಟು. ಮೈಗೆ ಕಪ್ಪು ಬಿಳುಪು ಪಟ್ಟೆ. ಸಂದಿಯಲ್ಲಿ ಮನುಷ್ಯರು ಬರಬಹುದು, ಸೈಕಲ್ಲು, ಕೈಗಾಡಿ, ಎಮ್ಮೆ ಬರಬಹುದು. ಲಾರಿ ಬರುವ ಹಾಗಿಲ್ಲ. ಓಣಿಯ ಮಕ್ಕಳು ಬೀದಿಯಲ್ಲಿ ಮಲಗಿ ನಿದ್ದೆ ಮಾಡುವಷ್ಟು ನೆಮ್ಮದಿ ಬಂತು.

ಆಮೇಲೆ ಓಣಿಯ ಹಿರಿಯರೊಬ್ಬರು ತೀರಿಕೊಂಡರು. ಹೆಣವನ್ನು ಕೂಡಿಸಿ ಹೊರುವ ವಿಮಾನ ಗೂಟದ ಸಂದಿಯಲ್ಲಿ ಹಿಡಿಯಲೇ ಇಲ್ಲ. ಓರೆ ಮಾಡಿದರು, ಮೇಲಕ್ಕೆತ್ತಿದರು. ಹೆಣದ ಪೇಟ ಜಾರಿ ಸೊಸೆಯ ತಲೆಯ ಮೇಲೆ ಬಿತ್ತು. ಅಂದೇ ಓಣಿಯವರೆಲ್ಲ ಹೋಗಿ ಗಲಾಟೆ ಮಾಡಿ ನಡುಗೂಟವನ್ನು ಕೀಳುವ ಹಾಗೆ ಮಾಡಿಸಿದೆವು. ರಾಣೆಬೆನ್ನೂರಿನ ಕಮ್ಮಾರ ಡಾಕಪ್ಪ ಅದಕ್ಕೆ ಕಡಗ ಕೂಡಿಸಿ, ಬುಡಕ್ಕೆ ಬೀಗ ಹಾಕಿ ಕೊಟ್ಟ. ಕೀಲಿ ಫಕ್ಕೀರಸಾಬನ ಕೈಗೆ ಬಂತು.

ಅಂದಿನಿಂದ ಒಂದು ರೂಢಿ ಬಿತ್ತು. ಜೀವ ಇದ್ದವರು ಪಕ್ಕದ ಸಂದಿಯಲ್ಲಿ ಹೋಗಬೇಕು, ಹೆಣ ನಡುವೆ ಹೋಗಬೇಕು. ಹಿಂದೂ ಇರಲಿ, ಮುಸಲ್ಮಾನರಿರಲಿ, ನಡುಗೂಟ ಎತ್ತುವುದು ಹೆಣಕ್ಕೆ ಮಾತ್ರ. ಉಡಚಪ್ಪನ ಚೀಲಗಳು ಕೂಡ ಕೈಗಾಡಿಯಲ್ಲಿ ಓಣಿಯ ಬಾಯಿಗೆ ಹೋಗಿ, ಅಲ್ಲಿ ಲಾರಿ ಏರಬೇಕು.

"ಕೈಗಾಡ್ಯಾಗ ಅಷ್ಟೂ ಚೀಲ ಒಂದ ರಾತ್ರ್ಯಾಗ ಹೋಗೂದಿಲ್ಲ," ಎನ್ನುವುದು ಹನುಮಪ್ಪನ ವಾದ. ಗೂಟ ಎತ್ತಿದ್ದಾನೆ ಎಂದರೆ ಲಾರಿ ಒಳಗೆ ಬಂದಿದೆ. ಲಾರಿ ಒಳಗೆ ಬಂದಿದೆ ಎಂದರೆ ಮೆಣಸಿನಕಾಯಿ ಹೋಗಿದೆ.

ಅವನು ದಡ್ಡನಲ್ಲ. ಆ ವಾದ ಅವನಿಗೇ ಪೂರ್ತಿ ರುಚಿಸಿರಲಿಲ್ಲ. ಗೋದಾಮಿನ ಬಾಗಿಲ ಮುಂದೆ, ಲಾರಿಯ ಹಿಂಭಾಗ ಬಡಿದು ಬಾಗಿಲು ಒಡೆಯಬಾರದೆಂದು ಹಳೆಯ ಕಾಲದಲ್ಲಿ ನೆಟ್ಟ ಎರಡು ಗಿಡ್ಡ ಕಲ್ಲುಗಳಿವೆ. ನಮ್ಮ ಓಣಿಯಲ್ಲಿ ಲಾರಿ ತಿರುಗುವುದಿಲ್ಲ, ಹಿಂದೆ ಹಿಂದೆ ಬರಬೇಕು. ಡ್ರೈವರ್‌ಗಳು ಹಿಂದೆ ನೋಡುತ್ತಿರಲಿಲ್ಲ, ಕಲ್ಲಿಗೆ ದಡ್ ಎಂದು ಬಡಿದಾಗ ನಿಲ್ಲಿಸುತ್ತಿದ್ದರು. ಮೊನ್ನೆ ಹಬ್ಬಕ್ಕೆ ಆ ಕಲ್ಲುಗಳಿಗೆ ಹೊಸ ಸುಣ್ಣ ಬಳಿದಿದ್ದರು. ಕತ್ತಲಲ್ಲಿ ಬಂದ ಲಾರಿಯ ಒಂದು ಗೀರೂ ಅದರ ಮೇಲಿರಲಿಲ್ಲ.

ನಾನು ಅದನ್ನು ತೋರಿಸಲು ಹೋದಾಗ ಹನುಮಪ್ಪ ತಾನು ಮೊದಲ ದಿನವೇ ನೋಡಿದ್ದೇನೆ ಎಂದ. ಲಾರಿ ಬಂದಿಲ್ಲ ಎಂದು ಅವನ ಮನಸ್ಸಿಗೂ ಬಂದಿತ್ತು. ಆದರೆ ಗೂಟ ಎತ್ತಿದವನು ಬಾಯಿ ಬಿಡದಿದ್ದರೆ ತಾನೇನು ಮಾಡಲಿ, ಮೇಲಿನವರಿಗೆ ಸುಣ್ಣ ತೋರಿಸಲೇ ಎಂದು ಕೇಳಿದ. ಆಗಲೇ ನಾನು ಗೂಟ ಎತ್ತಿಸು, ಅದರ ಬುಡದ ಕುಣಿ ನೋಡೋಣ ಎಂದು ಗಂಟು ಬಿದ್ದದ್ದು.

ಗೂಟ ಮೇಲೆ ಬಂತು. ಪೊಲೀಸರು ಅದನ್ನು ಪಕ್ಕಕ್ಕೆ ಒರಗಿಸಿದರು. ನಾನು ಕುಣಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತೆ.

ಹೆಣ ಹೋದ ಮೇಲೆ ಗೂಟವನ್ನು ಬರಿದೇ ಇಳಿಸುವುದಿಲ್ಲ. ಸತ್ತವಳು ಹೆಂಗಸಾಗಿದ್ದರೆ ಮನೆಯವರು ಕುಣಿಗೆ ಬೇವಿನ ಎಲೆ ಹಾಕುತ್ತಾರೆ. ಸತ್ತವನು ಗಂಡಸಾಗಿದ್ದರೆ ಅವನ ಹೆಂಡತಿ ತನ್ನ ಒಡೆದ ಬಳೆಯ ಚೂರುಗಳನ್ನು ಹಾಕುತ್ತಾಳೆ. ಸಾವು ಇದೇ ಹಾದಿಯಲ್ಲಿ ತಿರುಗಿ ಬರಬಾರದು ಎಂದು. ಯಾರು ಶುರು ಮಾಡಿದರೋ ಗೊತ್ತಿಲ್ಲ. ನಾನೇ ಎಂದು ಹೇಳುತ್ತಾ ಬಂದಿದ್ದೇನೆ. ನನ್ನ ಗಂಡನಿಗೆ ನಾನು ಹಾಕಿದ ಕೆಂಪು ಚೂರುಗಳು ಎಲ್ಲೋ ತಳದಲ್ಲಿ ಮಣ್ಣು ತಿನ್ನುತ್ತಿರಬೇಕು.

ಮೇಲೆ ಬಿದ್ದದ್ದು ಹಸಿರು ಬಳೆ. ಚೂರುಗಳಿಗೆ ಧೂಳು ಹತ್ತಿರಲಿಲ್ಲ. ಬೆರಳಿಗೆ ತಾಕಿದರೆ ಕೊಯ್ಯುವಷ್ಟು ಹೊಸವು.

ನಾನು ಸೈದಾಬಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಇಬ್ಬರಿಗೂ ಒಂದೇ ಸಲ ತಿಳಿಯಿತು. ಫಕ್ಕೀರಸಾಬ ಗೂಟ ಎತ್ತಿದ್ದು ಲಾರಿಗಲ್ಲ, ಹೆಣಕ್ಕೆ. ನಮ್ಮ ಓಣಿಯಲ್ಲಿ ಯಾರೋ ಒಬ್ಬಳು ಮುಂಡೆಯಾಗಿದ್ದಾಳೆ, ಆಗಿ ಬಾಯಿ ಮುಚ್ಚಿಕೊಂಡು ಕೂತಿದ್ದಾಳೆ.

ಹನುಮಪ್ಪನಿಗೆ ರೂಢಿ ಬಿಡಿಸಿ ಹೇಳಿದೆ. ಅವನು ಚೂರುಗಳನ್ನು ಅಂಗೈಯಲ್ಲಿ ಹಾಕಿಕೊಂಡು ಬಹಳ ಹೊತ್ತು ನೋಡಿದ.

"ಬಳಿ ಚೂರು ಕೋರ್ಟಿನ್ಯಾಗ ಮಾತಾಡೂದಿಲ್ಲ, ಗುತ್ತೆವ್ವ," ಎಂದ. "ಒಡಕೊಂಡಾಕಿನ್ನ ಕರ್ಕೊಂಡ ಬಾ. ಬಸ್ ಬರೂ ಮಟ ಕಾಯ್ತೇನಿ. ಅದರ ಮ್ಯಾಲೆ ನನ್ನ ಕೈಯಾಗಿಲ್ಲ."

ಚೂರುಗಳನ್ನು ಅವನ ಕೈಯಿಂದ ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಗಿಸಿಕೊಂಡೆ. ಸೈದಾಬಿಯನ್ನು ಗೂಟದ ಹತ್ತಿರವೇ ನಿಲ್ಲಿಸಿ, ಬಸ್ಸು ಬಂದರೆ ಕೂಗು ಎಂದು ಹೇಳಿ, ಓಣಿಯ ಗಂಡಸರನ್ನು ನೋಡುತ್ತಾ ಹೊರಟೆ.

ಹೆಂಗಸರನ್ನು ಕೇಳಿದರೆ ಯಾರು ಹೇಳುತ್ತಾರೆ? ಗಂಡಂದಿರನ್ನು ನೋಡಿದರೆ ಸಾಕು. ಒಬ್ಬ ಕಟ್ಟೆಯ ಮೇಲೆ ಗಡ್ಡ ಮಾಡಿಸಿಕೊಳ್ಳುತ್ತಿದ್ದ. ಒಬ್ಬ ಹೆಂಡತಿಯ ಜೊತೆ ಜಗಳ ಆಡುತ್ತಿದ್ದ. ಬದುಕಿದ್ದಾನೆ ಎನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಇನ್ನೊಬ್ಬ ಹಗಲಲ್ಲೇ ಕುಡಿದು ಬೇವಿನ ಮರದ ಕೆಳಗೆ ಅಂಗಾತ ಬಿದ್ದಿದ್ದ. ಅನುಮಾನ ಬೇಡವೆಂದು ಕಾಲಿನಿಂದ ತಿವಿದೆ. ನನ್ನ ತಾಯಿಯ ತನಕ ಬೈದ. ಒಳ್ಳೆಯದಾಗಲಿ ಎಂದು ಮುಂದೆ ಹೋದೆ.

ಕಾಣದೇ ಇದ್ದವನು ಒಬ್ಬನೇ. ಗೋದಾಮಿನ ಉಡಚಪ್ಪ. ಮೆಣಸಿನಕಾಯಿ ಖರೀದಿಗೆ ಗುಂಟೂರಿಗೆ ಹೋಗಿದ್ದಾನೆ ಎಂದು ಅವನ ಗುಮಾಸ್ತ ಹೇಳುತ್ತಿದ್ದ. ಕಳುವಿನ ದೂರು ಕೊಟ್ಟವನೂ ಗುಮಾಸ್ತನೇ. ಉಡಚಪ್ಪ ರೈಲು ಹತ್ತಿದ್ದನ್ನು ಓಣಿಯಲ್ಲಿ ಯಾರೂ ಕಂಡಿರಲಿಲ್ಲ.

ಅವನ ಮನೆ ಗೋದಾಮಿಗೆ ಅಂಟಿಕೊಂಡೇ ಇದೆ. ಪಡಸಾಲೆಯಿಂದ ಗೋದಾಮಿಗೆ ಒಂದು ಒಳಬಾಗಿಲು, ಅಗಳಿ ಗೋದಾಮಿನ ಕಡೆಗೆ. ಗೋದಾಮಿನ ಮುಂದಿನ ಬಾಗಿಲಿಗೆ ಪೊಲೀಸರು ಅರಗಿನ ಮೊಹರು ಹಾಕಿದ್ದರು.

ಹೆಂಡತಿ ಹೊಳಿಯವ್ವ ಪಡಸಾಲೆಯಲ್ಲಿ ನೀರಿನ ಕೊಡ ಇಳಿಸುತ್ತಿದ್ದಳು. ತುಂಗಭದ್ರೆಯ ದಂಡೆಯ ಐರಣಿಯ ಹೆಣ್ಣು. ಉಡಚಪ್ಪನಿಗೆ ಉಡಿಕೆಯಾಗಿ ಬಂದವಳು, ಅಂದರೆ ಗಂಡ ಸತ್ತ ಮೇಲೆ ಎರಡನೆಯ ಸಲ ಕಟ್ಟಿಕೊಂಡವಳು. ಮೊದಲ ಗಂಡ ಹೊಳೆಯಲ್ಲಿ ತೇಲಿ ಹೋದನಂತೆ, ಹೆಣವೂ ಸಿಗಲಿಲ್ಲವಂತೆ. ಓಣಿಯಲ್ಲಿ ಅವಳಷ್ಟು ಮೆತ್ತಗೆ ಮಾತಾಡುವವರು ಇನ್ನೊಬ್ಬರಿಲ್ಲ.

ಅವಳ ಎರಡೂ ಕೈಗಳಲ್ಲಿ ಮೊಣಕೈಯ ತನಕ ಹಸಿರು ಬಳೆ. ಮಿರಿಮಿರಿ ಮಿಂಚುತ್ತಿದ್ದವು. ಪಾತ್ರೆ ತಿಕ್ಕಿದ ಬೂದಿಯ ಮಂಕು ಒಂದಕ್ಕೂ ಹತ್ತಿರಲಿಲ್ಲ. ಕೊಡವನ್ನು ಅವಳು ಎಡಗೈಯಲ್ಲೇ ಎತ್ತಿದಳು. ಬಲಗೈ ಜೋತು ಬಿದ್ದಿತ್ತು.

"ಕುಂದ್ರ ಬಾ ಯವ್ವಾ," ಎಂದಳು.

"ಕುಂಡ್ರಾಕ ಬಂದಿಲ್ಲ ತಂಗಿ. ಬಲಗೈಗೆ ಏನಾತು?"

ನಿದ್ದೆಯಲ್ಲಿ ಉಳುಕಿದೆ ಎಂದಳು. ನಾನು ಹತ್ತಿರ ಹೋಗಿ, ಮಾತಾಡುತ್ತಾ ಮಾತಾಡುತ್ತಾ ಅವಳ ಬಲ ಹೆಗಲ ಮೇಲೆ ಕೈ ಇಟ್ಟು ಒತ್ತಿದೆ. ಅವಳ ಉಸಿರು ಅಲ್ಲೇ ನಿಂತಿತು. ಸೆರಗು ಸರಿಸಿದರೆ ಅಡ್ಡಕ್ಕೆ ಕಪ್ಪಗೆ ಕಂದಿದ ಒಂದು ಪಟ್ಟೆ. ಬೊಂಬಿನ ಅಗಲ.

ನಡುಗೂಟ ಎತ್ತಲು ಎರಡು ಹೆಗಲು ಬೇಕು. ಒಂದು ಹೆಗಲು ಠಾಣೆಯಲ್ಲಿತ್ತು. ಇನ್ನೊಂದು ನನ್ನ ಕೈಯ ಕೆಳಗಿತ್ತು.

ನಾನು ಗಂಟು ಬಿಚ್ಚಿ ಚೂರುಗಳನ್ನು ತೋರಿಸಿದೆ. ಅವಳು ಅಳಲಿಲ್ಲ. ಮುಂಬಾಗಿಲು ಮುಚ್ಚಿ ಬಂದು ಕಂಬಕ್ಕೆ ಒರಗಿ ನಿಂತಳು.

"ಉಡಚಪ್ಪನ್ನ ಎಲ್ಲಿ ಹುಗದೀರಿ?" ಎಂದು ಕೇಳಿದೆ.

ಅವಳು ಗಾಬರಿಯಾಗಲಿಲ್ಲ, ನನ್ನನ್ನು ವಿಚಿತ್ರವಾಗಿ ನೋಡಿದಳು. ಗಂಡ ಗುಂಟೂರಿನಲ್ಲಿ ಚೆನ್ನಾಗಿದ್ದಾನೆ, ನಾಳೆ ನಾಡಿದ್ದು ಬರುತ್ತಾನೆ ಎಂದಳು. ಹಾಗಾದರೆ ಬಳೆ ಯಾರವು ಎಂದೆ.

"ಬಳಿ ನನ್ನೂ ಯವ್ವಾ. ನಾನ ಒಡಕೊಂಡೇನಿ. ಆದ್ರ ಇವರಿಗಲ್ಲ."

ಮತ್ತೆ ಯಾರಿಗೆ ಎಂದೆ.

ಆಮೇಲೆ ಮೆಲ್ಲಗೆ ಹೇಳುತ್ತಾ ಹೋದಳು. ಮೊದಲ ಗಂಡ ಹೊಳೆಗೆ ಬಿದ್ದಿರಲಿಲ್ಲ. ಹೇಳದೇ ಕೇಳದೇ ಮನೆ ಬಿಟ್ಟು ಹೋಗಿದ್ದ. ಅವನು ಬದುಕಿದ್ದಾನೆಂದರೆ ಮಗಳನ್ನು ಯಾರೂ ಕಟ್ಟಿಕೊಳ್ಳುವುದಿಲ್ಲವೆಂದು ಅವಳ ಅಪ್ಪ ಹೊಳೆಯ ದಂಡೆಯಲ್ಲಿ ಅವನ ಚಪ್ಪಲಿ ಇಟ್ಟು ಬಂದು ಊರೆಲ್ಲ ಅಳಿಸಿದ್ದ. ಉಡಚಪ್ಪನಿಗೆ ಇದು ಗೊತ್ತಿರಲಿಲ್ಲ. ಗೊತ್ತಾದರೆ ಕೊಂದೇಬಿಡುತ್ತಾನೆ ಎನ್ನುವ ಹೆದರಿಕೆಯಲ್ಲೇ ಅವಳು ಇಷ್ಟು ವರ್ಷ ಅವನ ಮನೆಯ ನೀರು ಹೊತ್ತಿದ್ದಳು.

ಗೂಟ ಎತ್ತಿದ ದಿನ ಸಂಜೆ ಯಾರೋ ಬಾಗಿಲಲ್ಲಿ ನೀರು ಕೇಳಿದರು. ಚೊಂಬು ಕೊಟ್ಟು ಮುಖ ನೋಡಿದರೆ ಅವನೇ. ಮೈಯಲ್ಲಿ ಎಲುಬು ಬಿಟ್ಟು ಏನೂ ಉಳಿದಿರಲಿಲ್ಲ. ತನಗೇನೂ ಬೇಡ, ಒಂದು ಸಲ ನೋಡಿ ಹೋಗಲು ಬಂದೆ ಎಂದನಂತೆ. ಹೊತ್ತು ಮುಳುಗಿತ್ತು. ಫಕ್ಕೀರಸಾಬ ಪಾಪವೆಂದು ತನ್ನ ಕಾವಲು ಗುಡಿಸಲಲ್ಲಿ ಮಲಗಿಸಿಕೊಂಡ. ಅವನು ಗೋದಾಮು ಸುತ್ತು ಹಾಕಿ ಬರುವಷ್ಟರಲ್ಲಿ ಮಲಗಿದವನ ಜೀವ ಹೋಗಿತ್ತು.

ಹೊಳಿಯವ್ವ ಫಕ್ಕೀರಸಾಬನ ಕಾಲಿಗೆ ಬಿದ್ದಳಂತೆ. ಹೆಣವನ್ನು ಕೈಗಾಡಿಯಲ್ಲಿ ಹಾಕಿ ಸುಡುಗಾಡಿಗೆ ಒಯ್ದು ಮಣ್ಣು ಮಾಡು, ಯಾರಿಗೂ ಹೇಳಬೇಡ ಎಂದಳಂತೆ. ಅವನು ಮಾತು ಕೊಟ್ಟ. ಕೊಟ್ಟ ಮಾತನ್ನು ಠಾಣೆಯಲ್ಲಿ ಕೂತು ಉಳಿಸುತ್ತಿದ್ದ.

"ಕೈಗಾಡಿ ಪಕ್ಕದ ಸಂದ್ಯಾಗ ಹಿಡಿತಿತ್ತಲ್ಲಬೇ," ಎಂದೆ. ನನಗೆ ಸಿಟ್ಟು ಬಂದಿತ್ತು. "ಸಪ್ಪಳಿಲ್ದ ಹೋಗಬಹುದಿತ್ತು. ಗೂಟ ಯಾಕ ಎತ್ತಿಸಿದಿ? ಆ ಗೂಟಕ್ಕ ಅವ ಸಿಕ್ಕಾನ."

ಅವಳು ಕೈಯ ಬಳೆಗಳನ್ನು ನೋಡಿಕೊಂಡಳು.

"ಫಕ್ಕೀರಸಾಬನೂ ಹಂಗ ಅಂದ. ನನ್ನ ಮನಸ ಒಪ್ಪಲಿಲ್ಲ. ಬದುಕಿದ್ದಾಗ ಸತ್ತಾನ ಅಂತ ಹೇಳಿದ್ವಿ. ಖರೇನ ಸತ್ತಾಗರ ಹೆಣದಂಗ ಹೋಗ್ಲಿ ಅಂತ ನಾನ ಬೊಂಬು ಹೊತ್ತೆ."

ಆ ಕುಣಿಯಲ್ಲಿ ನನ್ನ ಬಳೆಯ ಚೂರುಗಳೂ ಇವೆ.

ಆದರೆ ಸಂಜೆಯ ಬಿಸಿಲು ಕಟ್ಟೆ ಏರುತ್ತಿತ್ತು. ಠಾಣೆಗೆ ಬಾ, ದಫೇದಾರನಿಗೆ ಇಷ್ಟೇ ಹೇಳು, ಸೈದಾಬಿಯ ಗಂಡ ಮನೆಗೆ ಬರುತ್ತಾನೆ ಎಂದೆ. ಹೇಳಿದರೆ ತನ್ನ ಮನೆ ಮುರಿಯುತ್ತದೆ ಎಂದಳು. ಹೇಳದಿದ್ದರೆ ಸೈದಾಬಿಯ ಮನೆ ಮುರಿಯುತ್ತದೆ ಎಂದೆ. ಅವಳು ಸೆರಗೆಳೆದು ತಲೆಯ ಮೇಲೆ ಹೊದ್ದುಕೊಂಡಳು.

"ನಡಿ," ಎಂದಳು.

ನಾನು ಆಗಲೇ ಹೊರಟಿದ್ದರೆ ಚೆನ್ನಾಗಿತ್ತು. ನನ್ನ ಬಾಯಿ ಕೇಳುವುದಿಲ್ಲ. ಹೆಣದ ಮಾತು ಬಂದ ಮೇಲೆ ದಫೇದಾರ ಕೇಳಿಯೇ ಕೇಳುತ್ತಾನೆ, ಸತ್ತದ್ದು ಹೇಗೆ, ರೋಗವೇ ಎಂದೆ.

ರೋಗವೇ ಇರಬೇಕು ಎಂದಳು. ಆಮೇಲೆ ಹುಬ್ಬು ಗಂಟು ಹಾಕಿದಳು. ಅವನ ಬಾಯಲ್ಲಿ ಬುರುಗು ಬಂದಿತ್ತಂತೆ, ತುಟಿ ನೀಲಿಯಾಗಿತ್ತಂತೆ. ಪಕ್ಕದಲ್ಲಿ ಚಹಾದ ಬಟ್ಟಲು ಉರುಳಿತ್ತಂತೆ.

"ಚಹಾ ಫಕ್ಕೀರಸಾಬ ಕೊಟ್ಟಿದ್ನೇನು?"

"ಇಲ್ಲ. ನಾ ಕೊಟ್ಟಿರಬೇಕು ಅಂತ ಅವ ತಿಳಕೊಂಡಿದ್ದ. ಅವ ಕೊಟ್ಟಿರಬೇಕು ಅಂತ ನಾ..."

ಮಾತು ಅಲ್ಲಿಗೇ ನಿಂತಿತು. ನಮ್ಮ ಹಿಂದೆ ಅಗಳಿ ಸರಿದ ಸಪ್ಪಳವಾಯಿತು.

ಒಳಬಾಗಿಲು. ಅಗಳಿ ಇರುವುದು ಗೋದಾಮಿನ ಕಡೆಗೆ. ಗೋದಾಮಿನ ಮುಂದೆ ಪೊಲೀಸರ ಮೊಹರು ಹಾಗೇ ಇತ್ತು, ಬರುವಾಗ ನಾನೇ ಕಣ್ಣಾರೆ ನೋಡಿದ್ದೆ.

ಮೊದಲು ಬಂದದ್ದು ಮೆಣಸಿನಕಾಯಿಯ ಘಾಟು. ನನಗೆ ಕೆಮ್ಮು ಹತ್ತಿತು. ಆಮೇಲೆ ಬಾಗಿಲು ತೆರೆದು ಉಡಚಪ್ಪ ಪಡಸಾಲೆಗೆ ಕಾಲಿಟ್ಟ. ಗಡ್ಡ ಬೆಳೆದಿತ್ತು. ಅಂಗಿಗೆ, ಹುಬ್ಬಿಗೆ, ತಲೆಗೂದಲಿಗೆ ಕೆಂಪು ಧೂಳು. ಗುಂಟೂರಿಗೆ ಹೋದವನು ಇಷ್ಟು ದಿನವೂ ತನ್ನದೇ ಗೋದಾಮಿನಲ್ಲಿ, ಉಳಿದ ಚೀಲಗಳ ಹಿಂದೆ ಮಲಗಿದ್ದ.

ಚೀಲಗಳು ಎಲ್ಲೂ ಹೋಗಿರಲಿಲ್ಲವೆಂದು ಆಗ ತಿಳಿಯಿತು. ಕಳುವಾಗದ ಮಾಲಿಗೆ ಕಳುವಿನ ದೂರು ಕೊಡಿಸಿ ಕೂತಿದ್ದ. ಅದು ಅವನ ಮತ್ತು ಗುಮಾಸ್ತನ ಆಟ, ಅದನ್ನು ಆಮೇಲೆ ಬಿಡಿಸೋಣ. ಆ ಗಳಿಗೆಯಲ್ಲಿ ನನಗೆ ಹೊಳೆದದ್ದು ಬೇರೆ. ಆ ಸಂಜೆ ಬಾಗಿಲಲ್ಲಿ ಒಬ್ಬ ನೀರು ಕೇಳಿದಾಗಲೂ ಇವನು ಅದೇ ಗೋಡೆಯ ಹಿಂದೆ ಇದ್ದ.

ಹೊಳಿಯವ್ವನಿಗೂ ಅದೇ ಹೊಳೆದಿರಬೇಕು. ಅವಳು ಹಿಂದೆ ಸರಿದು ಕಂಬ ಹಿಡಿದುಕೊಂಡಳು.

ಅವನು ಹೆಂಡತಿಯ ಕಡೆಗೆ ನೋಡಲಿಲ್ಲ. ನನ್ನ ಕಡೆಗೆ ಬಂದು ಕೈ ಚಾಚಿದ. ದನಿ ಬಹಳ ಮೆತ್ತಗಿತ್ತು.

"ಸೆರಗಿನ್ಯಾಗ ಏನೈತಿ, ಗುತ್ತೆವ್ವ? ಇಲ್ಲಿ ಕೊಡು."

ಓಣಿಯ ಬಾಯಿಯಿಂದ ಸೈದಾಬಿಯ ಕೂಗು ಕೇಳಿತು. ಬಸ್ಸು ಬಂತು ಎನ್ನುತ್ತಿದ್ದಳು.

ಮುಂಬಾಗಿಲು ಮುಚ್ಚಿತ್ತು. ಅವನು ನನಗೂ ಬಾಗಿಲಿಗೂ ನಡುವೆ ನಿಂತಿದ್ದ. ಗಂಟು ಕೊಟ್ಟರೆ ಫಕ್ಕೀರಸಾಬ ಹಾವೇರಿಗೆ. ಕೊಡದಿದ್ದರೆ ಈ ಪಡಸಾಲೆಯಿಂದ ನಾವಿಬ್ಬರು ಹೆಂಗಸರು ಹೊರಗೆ ಹೋಗುವುದು ಹೇಗೆಂದು ದೇವರಿಗೇ ಗೊತ್ತು. ಕೂಗಿದರೂ ಜನ ಓಡಿ ಬಂದು ಬಾಗಿಲು ತೆರೆಯುವಷ್ಟು ಹೊತ್ತು ಇರಲಿಲ್ಲ.

ನಾನು ಗಂಟಿನ ಮೇಲೆ ಕೈ ಇಟ್ಟುಕೊಂಡೇ ಅವನಿಗೆ ಒಂದು ಮಾತು ಹೇಳಿದೆ. ಒಂದೇ ಮಾತು, ಕೂಗದೇ, ಪಕ್ಕದ ಮನೆಯವರಿಗೆ ಮಜ್ಜಿಗೆ ಕೇಳುವ ಹಾಗೆ.

ಉಡಚಪ್ಪ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಹೊಳಿಯವ್ವ ಕಂಬ ಹಿಡಿದುಕೊಂಡೇ ನೆಲಕ್ಕೆ ಕುಸಿದಳು. ಮತ್ತೆ ಅವನು ತಾನೇ ಹೋಗಿ ನನಗಾಗಿ ಬಾಗಿಲು ತೆರೆದ.

ನಾನು ಏನಂದಿರಬಹುದು? ಎಲ್ಲ ನಿಮ್ಮ ಕಣ್ಣ ಮುಂದೆಯೇ ಇದೆ, ನಾನು ಏನನ್ನೂ ಮುಚ್ಚಿಟ್ಟಿಲ್ಲ. ಹೇಳಿ ನೋಡೋಣ.